ಅತ್ತೆಯ ಬೆರಳುಗಳ ಹಾಜರಿ ಪುಸ್ತಕ

ನನ್ನ ಸೋದರತ್ತೆ ಒಬ್ಬಳೇ. ಆದರೆ ಅವಳ ಬೆರಳುಗಳಿಗೆ ಹತ್ತು ಬಗೆಯ ವೈದ್ಯ ನಡೆಯುತ್ತಿತ್ತು. ಹತ್ತು ಬೆರಳಿಗೂ ಸೇರಿ ಅಲ್ಲ, ಬೆರಳಿಗೊಂದು! ಬಲಗೈ ಹೆಬ್ಬೆರಳಿಗೆ ಇಂಗ್ಲಿಷ್ ಮದ್ದು, ತೋರುಬೆರಳಿಗೆ ಅಗಲ್ಪಾಡಿ ಕಡೆಯ ಪಂಡಿತರ ಎಣ್ಣೆ, ನಡುಬೆರಳಿಗೆ ಮಸ್ಕತ್ತಿನ ಬಾಮು, ಉಂಗುರದ ಬೆರಳಿಗೆ ಶಾರ್ಜಾದ ಸ್ಪ್ರೇ, ಕಿರುಬೆರಳಿಗೆ ಹೋಮಿಯೋಪತಿಯ ಸಕ್ಕರೆ ಗುಳಿಗೆ. ಎಡಗೈಯ ಪಟ್ಟಿ ಬೇರೆಯೇ ಉಂಟು, ಅದನ್ನು ಹೇಳುತ್ತಾ ಕೂತರೆ ನೀವು ಎದ್ದು ಹೋಗುತ್ತೀರಿ. "ಅತ್ತೇ, ಬಾಯಿಗೆ ಹಾಕಿದ ಗುಳಿಗೆ ಕಿರುಬೆರಳಿಗೆ ಮಾತ್ರ ಹೋಗುವುದು ಹೇಗೆ?" ಎಂದು ನಾನು ಒಮ್ಮೆ ಕೇಳಿದ್ದೆ. "ನುಂಗುವಾಗ ಮನಸ್ಸಿನಲ್ಲಿ ಹೇಳ್ಕೊಳ್ಬೇಕು ಮಾರಾಯ. ಸುಮ್ಮನೆ ನುಂಗಿದ್ರೆ ಅದಕ್ಕೆ ದಾರಿ ಹೇಗೆ ಗೊತ್ತಾಗ್ತದೆ?" ಎಂದಳು. ಡಿಗ್ರಿ ಮುಗಿಸಿ, ಪಿ.ಎಸ್.ಸಿ. ಪರೀಕ್ಷೆಗೆ ಓದುವ ನೆಪದಲ್ಲಿ ಮನೆಯಲ್ಲಿ ಕೂತಿದ್ದ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ.

ಅತ್ತೆ ನನ್ನ ಅಪ್ಪನ ಅಕ್ಕ. ಮದುವೆ ಆಗಲಿಲ್ಲ. ಮುಳ್ಳೇರಿಯದ ಹತ್ತಿರದ ಕನ್ನಡ ಎಲ್.ಪಿ. ಶಾಲೆಯಲ್ಲಿ ಮೂವತ್ತು ವರ್ಷ ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿ, ನಿವೃತ್ತಿಯಾದ ಮೇಲೆ ಊರಿನವರನ್ನು ತಿದ್ದಲು ಹೊರಟವಳು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅವಳ ಜಗಳ ತುಳುವಿನಲ್ಲಿ, ವಿಲ್ಲೇಜ್ ಆಫೀಸಿನಲ್ಲಿ ಮಾತ್ರ ಮಲೆಯಾಳ. ಬರೆಯುವುದು ಎಂದರೆ ಕನ್ನಡ, ಅದರಲ್ಲಿ ಎರಡು ಮಾತಿಲ್ಲ. ಅವಳ ಅಕ್ಷರ ಎಷ್ಟು ದುಂಡಗಿತ್ತೆಂದರೆ ಶಾಲೆಯ ಬೋರ್ಡಿನಲ್ಲಿ ಅವಳು ಬರೆದದ್ದನ್ನು ಅಳಿಸಲು ಹೆಡ್ಮಾಸ್ಟರಿಗೂ ಮನಸ್ಸು ಬರುತ್ತಿರಲಿಲ್ಲವಂತೆ. ಇದನ್ನು ನನಗೆ ಹೇಳಿದವಳು ಅತ್ತೆಯೇ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಸುತ್ತಮುತ್ತ ಮೂರು ಮನೆಗೊಬ್ಬರಂತೆ ಗಲ್ಫಿನಲ್ಲಿದ್ದರು. ಪೇಟೆಯಲ್ಲಿ ಎಸ್.ಟಿ.ಡಿ. ಬೂತು ಇತ್ತು, ಆದರೆ ಅಷ್ಟು ದೂರಕ್ಕೆ ಫೋನು ಮಾಡುವುದು ಹುಟ್ಟಿದರೆ ಅಥವಾ ಸತ್ತರೆ ಮಾತ್ರ. ನಡುವಿನ ಬದುಕೆಲ್ಲ ಕಾಗದದಲ್ಲಿ ಹೋಗಬೇಕಿತ್ತು. ಬರೆಯಲು ಬಾರದ ಹೆಂಗಸರೆಲ್ಲ ಅತ್ತೆಯ ಹತ್ತಿರ ಬರುತ್ತಿದ್ದರು. ಪಕ್ಕದ ಮನೆಯ ಲಲಿತ ತುಳುವಿನಲ್ಲಿ ಹೇಳುವಳು, ನೆಕ್ರಾಜೆಯಿಂದ ಬಸ್ಸು ಹಿಡಿದು ಬರುವ ಖದೀಜಮ್ಮ ಬ್ಯಾರಿಯಲ್ಲಿ ಹೇಳುವರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡದಲ್ಲಿ ಬರೆಯುವಳು.

ಬರೀ ಬರೆದಿದ್ದರೆ ಚಿಂತೆ ಇರಲಿಲ್ಲ. ಅಲ್ಲಿಂದ ಬಂದ ಉತ್ತರವನ್ನು ಮೊದಲು ಕೆಂಪು ಶಾಯಿಯಲ್ಲಿ ತಿದ್ದಿ, ಆಮೇಲೆ ಓದಿ ಹೇಳುತ್ತಿದ್ದಳು. ಲಲಿತನ ಗಂಡ ಸಂಜೀವ ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುವವನು, ಏಳನೆಯವರೆಗೆ ಓದಿದವನು. ಅವನು ಹೆಂಡತಿಗೆ ಬರೆದ ಒಂದು ಪತ್ರದ ಅಂಚಿನಲ್ಲಿ 'ಹತ್ತರಲ್ಲಿ ಆರು. ವಾಕ್ಯದ ಕೊನೆಗೆ ಚುಕ್ಕಿ ಇಡಲು ಮರೆಯಬಾರದು' ಎಂದು ಇದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮುಂದಿನ ಉತ್ತರದಲ್ಲಿ ಈ ಅಂಕವನ್ನು ಅವನಿಗೆ ತಿಳಿಸಲಾಯಿತು. ಅಲ್ಲಿಂದ ಮುಂದೆ ಪಾಪ, ಅವನು ಪದಕ್ಕೊಂದು ಚುಕ್ಕಿ ಇಟ್ಟು ಬರೆಯತೊಡಗಿದ.

ಇಂಥ ಅತ್ತೆಗೆ ಒಂದು ಬೆಳಿಗ್ಗೆ ಬೆರಳು ಮಡಚಲು ಆಗಲಿಲ್ಲ. ಕಾಫಿಯ ಲೋಟ ಹಿಡಿಯಲು ಎರಡೂ ಅಂಗೈ ಬೇಕಾಯಿತು. ಹತ್ತು ಗಂಟೆಯ ಹೊತ್ತಿಗೆ ಸರಿಯಾಯಿತು ಎಂದುಕೊಂಡರೆ ಮರುದಿನ ಮತ್ತೆ ಅದೇ ಕಥೆ. ಬೆರಳಿನ ಬುಡದ ಗಂಟುಗಳು ಊದಿಕೊಂಡು ಬಿಸಿಯಾಗಿದ್ದವು. ಡಾಕ್ಟರಿಗೆ ತೋರಿಸೋಣ ಎಂದ ಅಪ್ಪನಿಗೆ ಸಿಕ್ಕಿದ್ದು ಒಂದು ಪಾಠ. ಮೂವತ್ತು ವರ್ಷ ಹಿಡಿದ ಸೀಮೆಸುಣ್ಣ ಚರ್ಮದ ಒಳಗೆ ಇಳಿದು ಗಂಟುಗಳಲ್ಲಿ ಗಟ್ಟಿಯಾಗಿದೆ, ಸುಣ್ಣ ಹುಳಿಗೆ ಕರಗುತ್ತದೆ, ಇಷ್ಟು ಸಣ್ಣ ವಿಷಯಕ್ಕೆ ಡಾಕ್ಟರು ಯಾಕೆ? ಹೀಗೆ ಹೇಳಿ ಹಿತ್ತಲಿನ ಮರದಿಂದ ಹುಳಿ ಹುಳಿ ಬಿಂಬುಳಿ ಕಾಯಿಯನ್ನೆಲ್ಲ ಕೊಯ್ದು, ಜಜ್ಜಿ, ಬೋಗುಣಿಗೆ ಹಾಕಿ, ಅದರಲ್ಲಿ ಕೈ ಅದ್ದಿಕೊಂಡು ಜಗಲಿಯಲ್ಲಿ ಕೂತಳು. ಸುಣ್ಣ ಕರಗಲಿಲ್ಲ. ಆ ವಾರ ನಮ್ಮ ಮೀನಿನ ಸಾರಿಗೆ ಹುಳಿ ಇರಲಿಲ್ಲ.

ಬರೆಯುವುದು ಮಾತ್ರ ನಿಲ್ಲಲಿಲ್ಲ. ಬದಲಿಗೆ, ಯಾರ ಪತ್ರವೇ ಆಗಲಿ ಅದರ ಕೊನೆಗೆ ಒಂದು ಪ್ಯಾರಾ ಹೊಸದಾಗಿ ಸೇರಿಕೊಂಡಿತು. 'ಇದನ್ನು ಬರೆಯುತ್ತಿರುವವರ ಬಲಗೈ ತೋರುಬೆರಳಿನ ನೋವು ಹೋದ ವಾರಕ್ಕಿಂತ ಹೆಚ್ಚು. ಎಡಗೈ ಪರವಾಗಿಲ್ಲ.' ಗಂಡ ಹೆಂಡತಿಯ ನಡುವಿನ ಕಾಗದದಲ್ಲಿ ಮೂರನೆಯವರ ಬೆರಳಿಗೆ ಎಂತ ಕೆಲಸ ಎಂದು ಯಾರೂ ಕೇಳಲಿಲ್ಲ. ಕೇಳಲು ಧೈರ್ಯ ಯಾರಿಗಿತ್ತು?

ಪರಿಣಾಮ ನಾಲ್ಕೈದು ತಿಂಗಳಲ್ಲಿ ಕಾಣಿಸಿತು. ರಜೆಗೆ ಬಂದವರೆಲ್ಲ ನಮ್ಮ ಮನೆಗೊಂದು ಡಬ್ಬಿ ಹಿಡಿದು ಬರತೊಡಗಿದರು. ಕೆಂಪು ಬಾಮು, ಹಸಿರು ಬಾಮು, ಹಚ್ಚಿದರೆ ಬೆಂಕಿಯಾಗುವ ಎಣ್ಣೆ, ಒತ್ತಿದರೆ ಮಂಜಾಗುವ ಸ್ಪ್ರೇ. ಒಬ್ಬನಂತೂ ಒಂಟೆಯ ಕೊಬ್ಬು ಎಂದು ಅರಬಿಯಲ್ಲಿ ಬರೆದ ಒಂದು ಶೀಸೆ ತಂದಿದ್ದ. ಇಷ್ಟನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದು ಹೇಗೆ? ಆ ಪ್ರಶ್ನೆ ಎದ್ದಾಗಲೇ ಅತ್ತೆ ಬೆರಳುಗಳನ್ನು ಹಂಚಿದ್ದು. ಟ್ರಂಕಿನ ಅಡಿಯಿಂದ ಹಳೆಯ ಹಾಜರಿ ಪುಸ್ತಕ ಹೊರಬಂತು. ಹತ್ತು ಬೆರಳಿನ ಹೆಸರನ್ನು ಕ್ರಮವಾಗಿ ಬರೆದು, ಬೆಳಿಗ್ಗೆ ಎದ್ದ ಕೂಡಲೇ ಹಾಜರಿ ಕರೆಯುವುದು ಶುರುವಾಯಿತು. ನೋವು ಇದ್ದ ಬೆರಳು ಹಾಜರು, ಇಲ್ಲದ್ದು ಗೈರು. "ನೋಡು, ಬಲಗೈ ತೋರುಬೆರಳು ಮೂರು ತಿಂಗಳಲ್ಲಿ ಒಂದು ದಿನ ತಪ್ಪಿಸಿದ್ದಿಲ್ಲ," ಎಂದು ನನಗೆ ತೋರಿಸುವಳು. "ಶಾಲೆಯಲ್ಲಿ ಇಂಥವನೊಬ್ಬ ನಂಗೆ ಸಿಗ್ಲಿಲ್ಲ."

ಹೆಂಗಸರ ನಡುವೆ ಸ್ಪರ್ಧೆಯೂ ಹುಟ್ಟಿಕೊಂಡಿತು. ಖದೀಜಮ್ಮ ಬಸ್ಸಿಳಿದು ಬಂದವರೇ ಶಾರ್ಜಾದ ಮಗ ಕೊಟ್ಟ ಸ್ಪ್ರೇಯ ಬೆರಳು ಹೇಗಿದೆ ಎಂದು ವಿಚಾರಿಸುವರು. ಅದು ಆ ವಾರ ಐದು ದಿನ ಹಾಜರಿ ಹಾಕಿದ್ದರೆ ಮುಖ ಸಣ್ಣದು ಮಾಡಿಕೊಂಡು, "ಟೀಚರ್, ನೀವು ಸರಿ ಒತ್ತಿರ್ಲಿಕ್ಕಿಲ್ಲ," ಎನ್ನುವರು. ಲಲಿತ ತನ್ನ ಗಂಡನ ಬಾಮಿನ ನಡುಬೆರಳನ್ನು ಯಾರೂ ನೋಡದಾಗ ತಾನೇ ನೀವಿ ಹೋಗುತ್ತಿದ್ದಳು.

ಪಂಡಿತರ ಕಥೆ ಇನ್ನೂ ಚಂದ. ಅವರು ನಾಡಿ ಹಿಡಿದು, ಇದು ವಾತ, ಎಣ್ಣೆ ಕೊಡುತ್ತೇನೆ, ಮೂರು ತಿಂಗಳು ಪಥ್ಯ ಮಾಡಬೇಕು ಎಂದರು. ಮೀನು ಬಿಡಬೇಕು.

"ಬಂಗುಡೆಯಾ?" ಎಂದಳು ಅತ್ತೆ.

"ಬಂಗುಡೆ ಆಗದು."

"ಬೂತಾಯಿ?"

"ಅದೂ ಮೀನೇ ಅಲ್ವಾ ಟೀಚರೇ."

"ಒಣಮೀನು? ಅದರ ಜೀವ ಹೋಗಿ ತಿಂಗಳಾಗಿರ್ತದೆ."

ಪಂಡಿತರು ಎಣ್ಣೆಯ ಶೀಸೆಯನ್ನು ಮುಂದೆ ತಳ್ಳಿ ಕೈ ಮುಗಿದರು. ಅತ್ತೆ ಎಣ್ಣೆಯನ್ನು ತೋರುಬೆರಳಿಗೆ ಕೊಟ್ಟಳು. ಪಥ್ಯವನ್ನೂ ಬಿಡಲಿಲ್ಲ, ಈಸ್ಟರಿನ ಮುಂಚಿನ ನಲವತ್ತು ದಿನದ ಉಪವಾಸ ಬರುವವರೆಗೆ ಕಾದು ಅದರ ಜೊತೆ ಸೇರಿಸಿದಳು. ದೇವರಿಗೂ ಪಂಡಿತರಿಗೂ ಒಂದೇ ಉಪವಾಸದಲ್ಲಿ ಮುಗಿಯಿತು!

ಕೊನೆಗೆ ಅಪ್ಪ ಸಿಟ್ಟು ಮಾಡಿ, ನನ್ನನ್ನು ಜೊತೆಗೆ ಕೊಟ್ಟು, ಅತ್ತೆಯನ್ನು ಮಂಗಳೂರಿನ ಒಬ್ಬ ಕೀಲುರೋಗದ ಡಾಕ್ಟರ ಹತ್ತಿರ ಕಳಿಸಿದರು. ಸಣ್ಣ ಪ್ರಾಯದ ಡಾಕ್ಟರು, ತಾಳ್ಮೆಯ ಮನುಷ್ಯ. ಎರಡೂ ಕೈಗಳ ಗಂಟು ಒತ್ತಿ ನೋಡಿದರು, ರಕ್ತ ನೋಡಿದರು, ಎಕ್ಸ್‌ರೇ ನೋಡಿದರು.

"ಟೀಚರ್, ಇದು ಕೀಲು ಸವೆದು ಬರುವ ವಾತ ಅಲ್ಲ. ಅದು ಹೆಚ್ಚಾಗಿ ಪ್ರಾಯದವರ ಮೊಣಕಾಲಿಗೆ ಬರುವುದು. ಇದು ಆಮವಾತ. ದೇಹವನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ನಮ್ಮ ಕೀಲುಗಳ ಮೇಲೆ ಬೀಳ್ತದೆ. ಎರಡೂ ಕೈಗೆ ಒಟ್ಟಿಗೆ ಬರ್ತದೆ, ಬೆಳಿಗ್ಗೆ ಬಿಗಿ ಜಾಸ್ತಿ ಇರ್ತದೆ."

"ಹಾಗಾದ್ರೆ ಚಾಕ್ ಅಲ್ವಾ?"

"ಅಲ್ಲ."

"ಪೂರ್ತಿ ಅಲ್ವಾ, ಸ್ವಲ್ಪವಾದ್ರೂ ಉಂಟಾ?"

ಡಾಕ್ಟರು ನಗಲಿಲ್ಲ. ಬಾಮು, ಎಣ್ಣೆ, ನೋವಿನ ಮಾತ್ರೆ ಎಲ್ಲ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತವೆ ಅಷ್ಟೆ, ಒಳಗೆ ಕೀಲು ಹಾಳಾಗುವುದು ನಿಲ್ಲುವುದಿಲ್ಲ ಎಂದರು. ಅದನ್ನು ತಡೆಯಲು ಬೇರೆ ಮಾತ್ರೆ ಉಂಟು. ವಾರಕ್ಕೆ ಒಂದು ದಿನ ಮಾತ್ರ ನುಂಗಬೇಕು, ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಗುಣ ಕಾಣಲು ಎರಡು ಮೂರು ತಿಂಗಳಾದರೂ ಹಿಡಿಯುತ್ತದೆ. ತಡಮಾಡಿ ಬೆರಳು ಒಮ್ಮೆ ಸೊಟ್ಟಗಾದರೆ ಮದ್ದಿನಿಂದ ನೆಟ್ಟಗಾಗುವುದಿಲ್ಲ. ಇಷ್ಟನ್ನೂ ಅವರು ಎರಡೆರಡು ಸಲ ಹೇಳಿದರು. ಅತ್ತೆ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ತಲೆ ಆಡಿಸಿದಳು.

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತೀರ್ಪು ಬಂತು. "ವಾರಕ್ಕೊಂದು ಸಲ ಶಾಲೆಗೆ ಬರುವ ಮಾಸ್ಟ್ರಿಂದ ಯಾವ ಮಗು ಅಕ್ಷರ ಕಲಿತದ್ದುಂಟು, ಹೇಳು?" ಮಾತ್ರೆಯ ಚೀಟಿ ಮನೆಯ ದೇವರ ಪೀಠ ಅಲ್ತಾರಿನಲ್ಲಿ ಮೇರಿ ಮಾತೆಯ ಪಟದ ಹಿಂದೆ ಸೇರಿತು. ನೋವಿನ ಮಾತ್ರೆ ಮಾತ್ರ ಹೆಬ್ಬೆರಳಿನ ಪಾಲಿಗೆ ಬಂತು.

ಆದರೆ ಆಸ್ಪತ್ರೆಯ ಒಂದು ಸಂಗತಿ ಅತ್ತೆಯ ಮನಸ್ಸಿಗೆ ಹಿಡಿಸಿತ್ತು. ವ್ಯಾಯಾಮ ಹೇಳಿಕೊಡುವ ಹುಡುಗಿ ಕರಗಿಸಿದ ಬೆಚ್ಚಗಿನ ಮೇಣದಲ್ಲಿ ಅತ್ತೆಯ ಕೈಯನ್ನು ನಾಲ್ಕೈದು ಸಲ ಅದ್ದಿಸಿ, ಬಟ್ಟೆ ಸುತ್ತಿ ಇಟ್ಟು, ಆಮೇಲೆ ಸುಲಿದು ತೆಗೆದಿದ್ದಳು. ಬಿಗಿ ಸಡಿಲವಾಗಿತ್ತು. ಇದು ಬೆಳಗಿನ ಬಿಗಿತಕ್ಕೆ ಆರಾಮ ಕೊಡುತ್ತದೆ, ಮದ್ದಿನ ಬದಲು ಅಲ್ಲ ಎಂದು ಆ ಹುಡುಗಿಯೂ ಹೇಳಿದ್ದಳು. ಅತ್ತೆಗೆ ಕೇಳಿಸಿದ್ದು ಆರಾಮ ಎಂಬುದಷ್ಟೇ.

ಮೇಣಕ್ಕೆ ಎಲ್ಲಿಗೆ ಹೋಗುವುದು? ನಮ್ಮ ಚರ್ಚು, ಇಗರ್ಜಿ ಇಲ್ಲವೇ! ಅಲ್ತಾರಿನಲ್ಲಿ ಉರಿದು ಉಳಿದ ಮೇಣದ ಬತ್ತಿಯ ತುಂಡುಗಳನ್ನೆಲ್ಲ ಪಾದ್ರಿಗಳ ಒಪ್ಪಿಗೆ ಪಡೆದು ಚೀಲದಲ್ಲಿ ತಂದಳು. ತೆಂಗಿನೆಣ್ಣೆ ಸೇರಿಸಿ ಕರಗಿಸಿದಳು. ಮೊದಲ ದಿನ ಬಿಸಿ ಜಾಸ್ತಿಯಾಗಿ ಕೊಂಕಣಿ, ತುಳು ಎರಡರಲ್ಲೂ ದೇವರನ್ನು ಕರೆದಳು. ಆಮೇಲೆ ಹದ ಸಿಕ್ಕಿತು. ಸುಲಿದ ಮೇಣ ಥೇಟು ಕೈಯ ಆಕಾರದಲ್ಲೇ ಬರುತ್ತಿತ್ತು. ಅದನ್ನು ಪುನಃ ಕರಗಿಸಬೇಕಿತ್ತು. ಆದರೆ ನಮ್ಮಲ್ಲಿ ಒಂದು ಹರಕೆ ಉಂಟು. ಕೈಗೆ ಕಾಯಿಲೆಯಾದರೆ ಮೇಣದ ಕೈ, ಕಾಲಿಗಾದರೆ ಮೇಣದ ಕಾಲು ತಂದು ಇಗರ್ಜಿಯಲ್ಲಿ ಒಪ್ಪಿಸುವುದು. ಅಂಗಡಿಯಲ್ಲಿ ಸಿಗುವುದು ಎಲ್ಲರಿಗೂ ಒಂದೇ ಅಳತೆಯ ಕೈ. ಸ್ವಂತ ಕೈಯ ಅಳತೆಯದ್ದೇ ಇರುವಾಗ ಕರಗಿಸುವುದು ಯಾಕೆ ಎಂದು ಅತ್ತೆಗೆ ಹೊಳೆಯಿತು.

ಭಾನುವಾರ ಪೂಜೆಗೆ ಮೊದಲು ಪಾದ್ರಿಗಳು ಮಾತೆಯ ಪೀಠದ ಮುಂದೆ ನಿಂತುಬಿಟ್ಟರು. ಅಲ್ಲಿ ಸಾಲಾಗಿ ಮೇಣದ ಕೈಗಳು.

"ಟೀಚರ್, ಇದು ಯಾರ ಕೈ?"

"ನಂದೇ ಫಾದರ್."

"ಆರೂ?"

"ವಾರದ್ದು. ಇವತ್ತು ರಜೆ."

ಪಾದ್ರಿಗಳು ಒಳ್ಳೆಯವರು. ಪ್ರತಿ ವಾರದ ಆರು ಕೈಯನ್ನೂ ಇಟ್ಟುಕೊಂಡು, ಹೆಚ್ಚಾದಾಗ ಬತ್ತಿ ಮಾಡಿಸಿದರು. ಬತ್ತಿ ಉರಿದು ಉಳಿದ ತುಂಡು ಪುನಃ ಅತ್ತೆಯ ಚೀಲಕ್ಕೆ ಬಂತು. ಆ ವರ್ಷವಿಡೀ ನಮ್ಮ ಇಗರ್ಜಿಯಲ್ಲಿ ತೆಂಗಿನೆಣ್ಣೆಯ ಪರಿಮಳ.

ಇದನ್ನೆಲ್ಲ ನಾನು ಪೇಟೆಯಲ್ಲಿ ಗೆಳೆಯರಿಗೆ ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ಒಂದು ಭಾನುವಾರ ಪೀಠದ ಮುಂದೆ ನಿಂತಾಗ ನನಗೆ ನಗು ಬರಲಿಲ್ಲ. ಪಾದ್ರಿಗಳು ಮೊದಲ ವಾರದ ಒಂದು ಕೈಯನ್ನು ತಮಾಷೆಗೆಂದು ಮೂಲೆಯಲ್ಲಿ ಉಳಿಸಿಕೊಂಡಿದ್ದರು. ಅದರ ಬೆರಳುಗಳು ನೆಟ್ಟಗಿದ್ದವು. ಅತ್ತೆ ಹೊಸದಾಗಿ ತಂದಿಟ್ಟ ಕೈಗಳಲ್ಲಿ ಎರಡು ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು. ಪಕ್ಕದಲ್ಲಿ ನಿಂತ ಅತ್ತೆಯೂ ಅದನ್ನೇ ನೋಡುತ್ತಿದ್ದಳು.

ಪತ್ರದ ಅಕ್ಷರಗಳೂ ವಾಲತೊಡಗಿದವು. ಪೆನ್ನು ಜಾರಿ ಬೀಳುತ್ತಿತ್ತು. ಒಂದು ದಿನ ಅತ್ತೆ ಪೆನ್ನನ್ನು ನನ್ನ ಮುಂದೆ ಇಟ್ಟು, "ಇನ್ನು ನೀನು ಬರಿ," ಎಂದಳು. ಲಲಿತನ ಮೂರು ಪತ್ರಗಳನ್ನು ನಾನೇ ಬರೆದೆ. ಅತ್ತೆ ನನ್ನ ಬೆನ್ನ ಹಿಂದೆ ನಿಂತು ಒತ್ತು, ದೀರ್ಘ ಎಲ್ಲ ನೋಡಿಕೊಂಡಳು. ಆದರೆ ಬೆರಳಿನ ನೋವಿನ ಕೊನೆಯ ಪ್ಯಾರಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರಕ್ಕೂ ಮಸ್ಕತ್ತಿನಿಂದ ಉತ್ತರ ಬರಲಿಲ್ಲ.

ಉತ್ತರದ ಬದಲು ಸಂಜೀವನೇ ಬಂದ. ರಜೆಗೆ ಬಂದ ಮರುದಿನವೇ ಲಲಿತನನ್ನು ಕರೆದುಕೊಂಡು ನಮ್ಮ ಜಗಲಿಗೆ ಬಂದು ಕೂತ. ಕೈಯಲ್ಲಿ ಯಾವ ಡಬ್ಬಿಯೂ ಇರಲಿಲ್ಲ.

"ನೀವು ಇದ್ದೀರಾ ಅಂತ ನೋಡ್ಲಿಕ್ಕೆ ಬಂದದ್ದು ಟೀಚರ್," ಎಂದ. "ಬೇರೆ ಅಕ್ಷರ ನೋಡಿ ನಂಗೆ ಹೆದರಿಕೆ ಆಯ್ತು. ಬರೆದು ಕೇಳ್ಲಿಕ್ಕೂ ಧೈರ್ಯ ಬರ್ಲಿಲ್ಲ."

"ಬರೆದದ್ದು ಇವನು. ಅಕ್ಷರ ಚಂದ ಉಂಟಲ್ಲ?" ಎಂದಳು ಅತ್ತೆ.

"ಚಂದ ಉಂಟು. ಆದ್ರೆ ಅದು ಲಲಿತಂದಲ್ಲ."

ಲಲಿತ ನಕ್ಕಳು. "ಅದು ಯಾವತ್ತೂ ನಂದಲ್ಲ. ಟೀಚರಂದು."

"ಗೊತ್ತುಂಟು. ಆದ್ರೂ ಹನ್ನೊಂದು ವರ್ಷ ಅದೇ ಅಕ್ಷರ ಅಲ್ವಾ? ಕವರಿನ ಮೇಲೆ ಅದನ್ನು ಕಂಡ ಕೂಡ್ಲೇ ನಂಗೆ ನಿನ್ನ ಸ್ವರ ಕೇಳ್ತದೆ. ಒಡೆಯದೆ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಕೊಳ್ತೇನೆ." ಹೆಂಡತಿಯ ಎದುರು ಇಷ್ಟು ಹೇಳಿದ್ದಕ್ಕೆ ಅವನಿಗೇ ನಾಚಿಕೆಯಾಗಿ ಅಂಗಳದ ಕಡೆ ತಿರುಗಿ ಕೂತ.

ಅವರು ಹೋದ ಮೇಲೆ ಅತ್ತೆ ಮೇರಿ ಮಾತೆಯ ಪಟದ ಹಿಂದಿನಿಂದ ಚೀಟಿ ತೆಗೆದು ಧೂಳು ಒರೆಸಿ, ಮಂಗಳೂರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದಳು.

ಡಾಕ್ಟರು ಕೈಯನ್ನು ತುಂಬ ಹೊತ್ತು ಹಿಡಿದು ನೋಡಿದರು. ವಾಲಿದ ಎರಡು ಬೆರಳು ಹಾಗೆಯೇ ಇರುತ್ತವೆ, ಉಳಿದವನ್ನು ಕಾಪಾಡಲು ನೋಡೋಣ ಎಂದರು. ಅತ್ತೆ ವಾದ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, "ಪೆನ್ನು ಹಿಡೀಲಿಕ್ಕೆ ಆಗ್ತದಾ?" ದಪ್ಪದ ಪೆನ್ನಾದರೆ ಆಗಬಹುದು ಎಂದರು ಡಾಕ್ಟರು.

ಬಸ್ಸು ಕುಂಬಳೆ ದಾಟುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು.

"ಲಲಿತ ಎರಡನೇ ಕ್ಲಾಸಿನಲ್ಲಿ ನನ್ನ ಹತ್ರ ಇದ್ದದ್ದು, ನಿಂಗೆ ಗೊತ್ತುಂಟಾ? ಅಕ್ಷರ ಸೊಟ್ಟ ಬರೀತಿದ್ದಳು. ಎಷ್ಟು ತಿದ್ದಿಸಿದ್ರೂ ಸೊಟ್ಟವೇ. ಒಂದು ದಿನ ಬೆರಳಿನ ಗಂಟಿನ ಮೇಲೆ ರೂಲರಿನಿಂದ ಹೊಡೆದೆ. ಮರುದಿನ ಬರ್ಲಿಲ್ಲ. ಮನೆಗೆ ಹೋಗಿ ಕರೆದೆ, ಬೀಡಿ ಕಟ್ಲಿಕ್ಕೆ ಕೂತಿದ್ದಳು. ನನ್ನನ್ನು ನೋಡಿ ಕೈ ಹಿಂದೆ ಅಡಗಿಸಿದಳು. ಮತ್ತೆ ಶಾಲೆಗೆ ಬರ್ಲೇ ಇಲ್ಲ."

ಪಕ್ಕದಲ್ಲಿ ಕೂತ ಈ ಹೆಂಗಸನ್ನು ಇಷ್ಟು ದಿನ ಊರಿಗೆಲ್ಲ ಆಡಿ ತೋರಿಸಿ ನಗಿಸಿದ್ದಕ್ಕೆ ನಾಚಿಕೆಯಾಯಿತು, ಅವಳ ಮೇಲೆ ತಡೆಯಲಾರದಷ್ಟು ಪ್ರೀತಿಯೂ ಬಂತು. ಅವಳ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ವಾರಕ್ಕೊಂದು ಸಲ ಬರುವ ಮಾಸ್ಟ್ರು ನಿಧಾನಕ್ಕೆ ಕೆಲಸ ಶುರುಮಾಡಿದರು. ಅತ್ತೆ ತಿಂಗಳಿಗೊಮ್ಮೆ ಬಾಯಿ ಮುಚ್ಚಿಕೊಂಡು ರಕ್ತ ಕೊಟ್ಟು ಬಂದಳು. ಮೂರನೆಯ ತಿಂಗಳು ಊತ ಇಳಿಯಿತು. ಸಂಜೀವ ಮಸ್ಕತ್ತಿಗೆ ಮರಳಿ ಆಗಲೇ ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಲಲಿತನನ್ನು ಕರೆಸಿದಳು. ಪೆನ್ನಿಗೆ ನಾನು ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿ ಕೊಟ್ಟಿದ್ದೆ. ಕಾಗದ ಜಾರದಂತೆ ಅದರ ಎರಡೂ ಅಂಚನ್ನು ನಾನೇ ಒತ್ತಿ ಹಿಡಿದೆ.

ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕಾಯಿತೋ ಹೇಳಲಾರೆ. ಒಲೆಯ ಮೇಲೆ ಇಟ್ಟ ಚಹಾ ಬತ್ತಿಹೋಯಿತು. ಬರೆದು ಮುಗಿಸಿ ಅತ್ತೆ ಕಾಗದವನ್ನು ಲಲಿತನ ಕಡೆ ತಿರುಗಿಸಿದಳು. ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡಿದ್ದವು, ಸಾಲು ಬಲಕ್ಕೆ ಹೋದ ಹಾಗೆ ಕೆಳಗೆ ಇಳಿದಿತ್ತು.

"ಸೊಟ್ಟ ಆಯ್ತು," ಎಂದಳು ಅತ್ತೆ. ಅವಳ ಸ್ವರ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಲಲಿತ ಕಾಗದದ ಮೇಲೆ ಬಗ್ಗಿ, ತನಗೆ ಓದಲು ಬಾರದ ಆ ಸಾಲನ್ನು ಕೊನೆಯವರೆಗೆ ನೋಡಿದಳು.

"ಸೊಟ್ಟ ಆದ್ರೆ ಎಂತ ಟೀಚರ್? ಅದಕ್ಕೆ ಯಾರು ಹೊಡೀತಾರೆ?"

ಅತ್ತೆ ತಲೆ ಎತ್ತಲಿಲ್ಲ. ಲಲಿತ ಅತ್ತೆಯ ಕೈಯನ್ನು ಪೆನ್ನಿನ ಸಮೇತ ಎತ್ತಿ, ಮುಂದಿನ ಸಾಲು ಶುರುವಾಗುವಲ್ಲಿ ಮೆಲ್ಲಗೆ ಇಟ್ಟಳು.